ಎದುರಿಗಿದ್ದವರ ವಿಷಯ

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ಆಡದ ಮನೆ ಕನ್ನಡನಾಡಿನಲ್ಲಿ ವಿರಳ. ಬೇಂದ್ರೆಯವರು ಆ ನುಡಿಯನ್ನೇ ಎತ್ತಿಕೊಂಡು ತಮ್ಮ ಕವನಸಂಗ್ರಹಕ್ಕೆ ಹೆಸರಾಗಿಟ್ಟರು. ಅದಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ದೊರೆಯಿತು. ತನ್ನ ವಯಸ್ಸನ್ನು ಕುರಿತು ಕವಿ ತಾನೇ ಆಡಿಕೊಂಡ ಮಾತು ಅದು, ಆತನಿಗೆ ಸಲ್ಲುತ್ತದೆ. ಆದರೆ ಜನ್ಮವೆಲ್ಲ ನಡೆದಾಡಿದ ಬೀದಿಯಲ್ಲಿಯೇ ಮನೆಯ ದಾರಿ ತಿಳಿಯದೆ ಕಂಗೆಟ್ಟು ನಿಂತ ಹಿರಿಯರೊಬ್ಬರನ್ನು ಕಂಡಾಗಲೂ ನಾವು ಆ ಗಾದೆಯನ್ನೇ ಹೇಳಿ ನಕ್ಕು ಸುಮ್ಮನಾಗುವೆವಾದರೆ, ಡಿಮೆನ್ಷಿಯಾ ಎಂಬ ಮಿದುಳಿನ ವ್ಯಾಧಿಯನ್ನು ವಯೋಧರ್ಮವೆಂದು ಕರೆದು ಅವರನ್ನು ವೈದ್ಯರಿಂದ ದೂರವಿರಿಸಿದಂತಾಗುತ್ತದೆ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ-12 ಜೀವಸತ್ವದ ಅಭಾವ, ಖಿನ್ನತೆ ಇವುಗಳಿಂದಲೂ ಮರೆವು ಬರುವುದುಂಟು. ಚಿಕಿತ್ಸೆಗೆ ಬಗ್ಗುವ ಅವು ಕೂಡ ಗಾದೆಯ ಮರೆಯಲ್ಲಿ ಉಳಿದುಹೋಗುತ್ತವೆ. ಡಿಮೆನ್ಷಿಯಾ ಬರಲು ಅರವತ್ತಾಗಲೇಬೇಕೆಂದೂ ಇಲ್ಲ: ಜರ್ಮನಿಯ ವೈದ್ಯ ಆಲ್‌ಝೈಮರ್ ಯಾವ ರೋಗಿಣಿಯ ವೃತ್ತಾಂತವನ್ನು 1906ರಲ್ಲಿ ವಿದ್ವತ್ಸಭೆಗೆ ನಿವೇದಿಸಿದರೋ ಆಕೆಗೆ ಆಸ್ಪತ್ರೆ ಸೇರಿದಾಗ ಇನ್ನೂ 51 ವರ್ಷ.

ಗಾದೆಗಿಂತಲೂ ನನ್ನನ್ನು ಹೆಚ್ಚು ನೋಯಿಸುವ ಮಾತು ಬೇರೊಂದಿದೆ. ಡಿಮೆನ್ಷಿಯಾ ಬಂದ ಅಜ್ಜಿ ಅಲ್ಲಿಯೇ ಕುಳಿತಿರುವಾಗ, ಬಂದ ನೆಂಟರೊಡನೆ, "ಅವರಿಗೇನೂ ತಿಳಿಯೋದಿಲ್ಲ ಬಿಡಿ, ಈಗ ಮಗು ಇದ್ದ ಹಾಗೆ" ಎನ್ನುವುದು. ಹಾಗೆನ್ನುವವರು ದುಷ್ಟರಲ್ಲ, ರಾತ್ರಿಯೆಲ್ಲ ಎಚ್ಚರವಿದ್ದು ಶುಶ್ರೂಷೆ ಮಾಡಿ ಬಳಲಿದ ಸೊಸೆಯೋ ಮಗಳೋ ಆಗಿರುತ್ತಾರೆ, ಅವರನ್ನು ದೂರಲು ನನಗೆ ಮನಸ್ಸು ಬಾರದು. ಆದರೂ, ನಡೆದ ಸಂಗತಿಯು ನೆನಪಿನಿಂದ ಅಳಿದ ಮೇಲೂ ಅದು ತಂದ ದುಃಖವು ಇಂಥವರ ಮನಸ್ಸಿನಲ್ಲಿ ಉಳಿಯಬಲ್ಲುದೆಂದು ಈ ವ್ಯಾಧಿಯನ್ನು ಅಭ್ಯಸಿಸಿದವರು ಕಂಡುಕೊಂಡಿದ್ದಾರೆ. ಮಕ್ಕಳನ್ನು ಹೆತ್ತು ಸಾಕಿ, ಮೋಡದ ಬಣ್ಣ ನೋಡಿ ಬಿತ್ತನೆಯ ದಿನವನ್ನು ಹೇಳುತ್ತಿದ್ದ ಹೆಂಗಸು ಮಗುವಲ್ಲ. ಸೀರೆಯನ್ನು ಬೇರೊಬ್ಬರು ಉಡಿಸಬೇಕಾಗಿ ಬಂದ ಮಾತ್ರಕ್ಕೆ ಆಕೆ ಬಾಳಿದ ಬಾಳು ಇಲ್ಲವಾಗದು. ಇಂಗ್ಲೆಂಡಿನ ಟಾಮ್ ಕಿಟ್‌ವುಡ್ ಎಂಬುವರು 1997ರ ತಮ್ಮ ಗ್ರಂಥದಲ್ಲಿ, ರೋಗಿಯನ್ನು ಶಿಶುವೆಂದು ಕಾಣುವುದನ್ನೂ ಎದುರಿಗಿದ್ದರೂ ಇಲ್ಲವೆಂಬಂತೆ ಉಪೇಕ್ಷಿಸುವುದನ್ನೂ ವ್ಯಾಧಿಯ ಜೊತೆಗೂಡಿ ವ್ಯಕ್ತಿತ್ವವನ್ನು ಕುಗ್ಗಿಸುವ ವರ್ತನೆಗಳಲ್ಲಿ ಎಣಿಸಿದ್ದಾರೆ. ನನಗೆ ಅದು ಯಥಾರ್ಥವೆಂದು ತೋರುತ್ತದೆ.

ಈ ರೋಗಕ್ಕಿದ್ದ, ಮೌಢ್ಯವನ್ನು ಸೂಚಿಸುವ ಹಳೆಯ ಹೆಸರನ್ನು ಜಪಾನಿನ ಸರ್ಕಾರ 2004ರಲ್ಲಿ ಕೈಬಿಟ್ಟಿತು. ನಮ್ಮ ನಡುಮನೆಯ ಮಾತನ್ನು ತಿದ್ದಿಕೊಳ್ಳಲು ಸರ್ಕಾರದ ಆಜ್ಞೆ ಬೇಕಾಗಿಲ್ಲ. ಇಂಥ ಹಿರಿಯರಿರುವ ಮನೆಗೆ ನೀವು ಹೋದಾಗ "ಹೇಗಿದ್ದಾರೆ?" ಎಂದು ಪಕ್ಕದವರನ್ನು ಕೇಳಬೇಡಿ, "ಹೇಗಿದ್ದೀರಿ?" ಎಂದು ಅವರನ್ನೇ ಕೇಳಿ, ಉತ್ತರ ತಡವಾದರೂ ಕಾದಿರಿ.