ಸೈಕಲ್ಲಿನ ಸಂಚಿ

ಮನುಷ್ಯನಿಗೆ ಬೆನ್ನು ಇರುವುದು ಹೊರೆ ಹೊರುವುದಕ್ಕಾಗಿಯೇ ಎಂದು ಯಾರು ಮೊದಲು ನಿರ್ಧರಿಸಿದರೋ ತಿಳಿಯದು. ಶಾಲೆಗೆ ಸೇರಿದ ದಿನ ಬೆನ್ನಿಗೇರಿದ ಚೀಲ ಬಿ.ಎ. ಅಂತಿಮ ವರ್ಷಕ್ಕೆ ಬಂದರೂ ಇಳಿದಿಲ್ಲ. ಪುಸ್ತಕ, ಬುತ್ತಿ, ನೀರು, ಛತ್ರಿ, ಹಾಜರಾತಿಯ ಚಿಂತೆ, ಎಲ್ಲವೂ ಅದರಲ್ಲಿಯೇ. ಇಷ್ಟು ಸಾಲದೆಂಬಂತೆ ಭಾನುವಾರ ಗೆಳೆಯರೊಡನೆ ಸೈಕಲ್ಲು ಹತ್ತಿ ಹೊರಟರೆ ಆಗಲೂ ಬೆನ್ನಿಗೊಂದು ಚೀಲ. ಅದರಲ್ಲಿ ಪಂಪು, ಸ್ಪಾನರು, ಟ್ಯೂಬು, ಸುಲೂಷನ್ನು. ಬೆನ್ನಿಗೂ ವಾರಕ್ಕೊಂದು ರಜೆ ಬೇಡವೆ? ಈ ಪ್ರಶ್ನೆಯನ್ನು ಕುರಿತು ನಾನು ಎರಡು ವರ್ಷ ಯೋಚಿಸಿದ್ದೇನೆ. ಅದರ ಫಲವನ್ನು ಓದುಗ ಮಿತ್ರರ ಮುಂದಿಡುತ್ತೇನೆ.

ನಮ್ಮ ಊರು ಸತ್ತೇಗಾಲ. ಅಲ್ಲಿ ಹುಟ್ಟಿದವನಿಗೆ ದಾರಿಗಳಿಗೇನೂ ಬರವಿಲ್ಲ. ಒಂದು ಕಡೆ ಕಾವೇರಿ, ಭರಚುಕ್ಕಿ, ಶಿವನಸಮುದ್ರದ ದ್ವೀಪ, ಅದರಾಚೆಗೆ ಗಗನಚುಕ್ಕಿ, ಮತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ವಿದ್ಯುದಾಗಾರ. ಇನ್ನೊಂದು ಕಡೆ ಕೊಳ್ಳೇಗಾಲ, ಹನೂರು, ಮಹದೇಶ್ವರ ಬೆಟ್ಟದ ದಾರಿ, 1987ರಲ್ಲಿ ವನ್ಯಧಾಮವೆಂದು ಘೋಷಿತವಾದ ಕಾವೇರಿಯ ಕಾಡು. ಇವುಗಳ ನಡುವೆ ನಾಲೆಯ ಏರಿ, ಕಬ್ಬಿನ ಗದ್ದೆಯ ಬದು, ದನ ತಿರುಗುವ ಗುಡ್ಡದ ಕಾಲುಹಾದಿ. ಹೀಗೆ ದಾರಿಗಳು ಬೇಕಾದಷ್ಟಿವೆ. ಬೇಡದಷ್ಟು ಇರುವುದು ಜಾಲಿಯ ಮುಳ್ಳು. ಬಳ್ಳಾರಿ ಜಾಲಿಯ ಮುಳ್ಳಿಗೆ ಟೈರಿನ ಬೆಲೆ, ಕಂಪನಿಯ ಹೆಸರು, ಸವಾರನ ವಿದ್ಯಾರ್ಹತೆ ಯಾವುದೂ ಲೆಕ್ಕಕ್ಕಿಲ್ಲ. ಅದು ಎಲ್ಲರನ್ನೂ ಸಮಾನವಾಗಿ ಕಾಣುತ್ತದೆ. ಮುಳ್ಳು ಚುಚ್ಚುವ ಜಾಗದಲ್ಲಿ ಪಂಕ್ಚರ್ ಅಂಗಡಿ ಇರುವುದಿಲ್ಲವೆಂಬುದಂತೂ ಸೃಷ್ಟಿನಿಯಮವೇ ಇರಬೇಕು.

ಆದ್ದರಿಂದ ಸಲಕರಣೆ ಬೇಕೇ ಬೇಡವೆ ಎಂಬುದು ಪ್ರಶ್ನೆಯೇ ಅಲ್ಲ. ಅವು ಎಲ್ಲಿರಬೇಕು ಎಂಬುದಷ್ಟೇ ಪ್ರಶ್ನೆ. ಬೆನ್ನಮೇಲಿದ್ದರೆ ಏನು ತೊಂದರೆ? ಮೊದಲನೆಯದಾಗಿ, ನಮ್ಮ ಸೀಮೆಯ ಬಿಸಿಲು. ಅರ್ಧ ಗಂಟೆಯೊಳಗೆ ಚೀಲದ ಕೆಳಗಿನ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಎರಡನೆಯದಾಗಿ, ಭಾರ ಮೇಲಿದ್ದಷ್ಟೂ ಸೈಕಲ್ಲು ಓಲಾಡುತ್ತದೆ. ಕಲ್ಲುದಾರಿಯ ಇಳಿಜಾರಿನಲ್ಲಿ ಸವಾರ ಎಡಕ್ಕೆ ತಿರುಗಿದರೆ ಚೀಲ ಇನ್ನೂ ಬಲಕ್ಕೇ ಎಳೆಯುತ್ತಿರುತ್ತದೆ. ಮೂರನೆಯದಾಗಿ, ಬಿದ್ದರೆ ಬೆನ್ನುಮೂಳೆಗೂ ನೆಲಕ್ಕೂ ನಡುವೆ ಇರುವುದು ಕಬ್ಬಿಣದ ಸ್ಪಾನರು. ಇವೆಲ್ಲಕ್ಕಿಂತ ದೊಡ್ಡದು ನಾಲ್ಕನೆಯದು: ಬೆನ್ನಿನ ಚೀಲವನ್ನು ಮನೆಯ ಗೂಟಕ್ಕೆ ತಗುಲಿಹಾಕಿ ಬರಬಹುದು. ಸೈಕಲ್ಲಿನ ಮೈಮೇಲೆ ಇರುವುದನ್ನು ಮರೆತು ಬರಬೇಕಾದರೆ ಸೈಕಲ್ಲನ್ನೇ ಮರೆತು ಬರಬೇಕು.

ಇದು ಹಿಂದಿನವರಿಗೆ ಗೊತ್ತಿತ್ತು. 1888ರಲ್ಲಿ ಡನ್ಲಪ್ ಎಂಬ ಪಶುವೈದ್ಯ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ ಮೇಲೆ ಪ್ರಪಂಚಕ್ಕೆ ಸುಖವೂ ಬಂತು, ಪಂಕ್ಚರೂ ಬಂತು. ಹಳೆಯ ಇಂಗ್ಲಿಷ್ ಸೈಕಲ್ಲುಗಳ ಸೀಟಿನ ಹಿಂಬದಿಯಲ್ಲಿ ತೊಗಲಿನ ಪುಟ್ಟ ಚೀಲವೊಂದು ತೂಗುತ್ತಿತ್ತು. ಪಂಪಿಗೆ ಚೌಕಟ್ಟಿನ ಕೊಳವೆಯ ಮೇಲೆಯೇ ಕೊಕ್ಕೆಗಳಿದ್ದವು. ಪಂದ್ಯದ ಸವಾರರು ಮಿಗಿಲು ಟೈರುಗಳನ್ನು ಜನಿವಾರದಂತೆ ಎರಡೂ ಹೆಗಲಿಗೆ ಅಡ್ಡಹಾಕಿಕೊಳ್ಳುತ್ತಿದ್ದರು. 1913ರ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಯುಜೀನ್ ಕ್ರಿಸ್ತೋಫ್ ಎಂಬಾತನ ಸೈಕಲ್ಲಿನ ಮುಂದಿನ ಫೋರ್ಕು ಬೆಟ್ಟದಲ್ಲಿ ಮುರಿಯಿತು. ಪರರ ಸಹಾಯ ಪಡೆಯಬಾರದೆಂಬುದು ಅಂದಿನ ನಿಯಮ. ಆತ ಸೈಕಲ್ಲನ್ನು ಹೊತ್ತು ಮೈಲಿಗಟ್ಟಲೆ ನಡೆದು, ಕೆಳಗಿನ ಹಳ್ಳಿಯ ಕಮ್ಮಾರಸಾಲೆಯಲ್ಲಿ ತಾನೇ ಅದನ್ನು ಬೆಸೆದ. ಕುಲುಮೆಯ ತಿದಿಯನ್ನು ಒಬ್ಬ ಹುಡುಗ ಒತ್ತಿದನೆಂದು ಅದಕ್ಕೂ ಆತನಿಗೆ ದಂಡ ಬಿತ್ತು! ಇಂದು ವಿದೇಶದ ಬೆಲೆಬಾಳುವ ಗುಡ್ಡಗಾಡಿನ ಸೈಕಲ್ಲುಗಳಲ್ಲಿ ಚೌಕಟ್ಟಿನ ಕೊಳವೆಗೇ ಒಂದು ಬಾಗಿಲಿಟ್ಟು, ಒಳಗೆ ಟ್ಯೂಬನ್ನೂ ಸಲಕರಣೆಯನ್ನೂ ಅಡಗಿಸುತ್ತಾರಂತೆ. ನನ್ನದು ಎರಡನೆಯ ಕೈಯಿಂದ ಕೊಂಡ ಗೇರು ಸೈಕಲ್ಲು, ಅದಕ್ಕೆ ಬಾಗಿಲಿಲ್ಲ. ಆದ್ದರಿಂದ ನಾನು ಅಜ್ಜಿಯ ಕಡೆಗೆ ತಿರುಗಬೇಕಾಯಿತು.

ನಮ್ಮ ಅಜ್ಜಿಯ ಸೊಂಟದಲ್ಲಿ ಸದಾ ಒಂದು ಎಲೆಯಡಿಕೆಯ ಸಂಚಿ. ಅದರ ರಚನೆಯನ್ನು ಗಮನಿಸಿದವರಿಗೆ ಗೊತ್ತು, ಅದು ಸಾಮಾನ್ಯ ಚೀಲವಲ್ಲ. ಒಂದರೊಳಗೊಂದು ಅರೆಗಳು: ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಅಡಕತ್ತರಿಗೊಂದು, ಎಲ್ಲಕ್ಕೂ ಒಳಗೆ ಚಿಲ್ಲರೆಗೊಂದು. ಬಾಯಿಯ ದಾರವನ್ನು ಎಳೆದರೆ ಎಲ್ಲವೂ ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. ಕತ್ತಲಲ್ಲಿಯೂ ಅಜ್ಜಿಯ ಬೆರಳು ಅಡಿಕೆಯ ಅರೆಗೆ ಹೋಗಿ ಸುಣ್ಣ ತಂದದ್ದಿಲ್ಲ. "ಸಂಚಿ ದೊಡ್ಡದಾದಷ್ಟೂ ಕಸ ತುಂಬತದೆ ಕನ ಮೊಗ, ಬೇಕಾದ್ದು ಸಿಕ್ಕಾಕಿಲ್ಲ" ಎಂಬುದು ಆಕೆಯ ಮಾತು. ಅಕ್ಷರ ಕಲಿಯದ ಆಕೆ ದಪ್ಪ ಖಾದಿ ಬಟ್ಟೆಯಲ್ಲಿ ನನಗಾಗಿ ಹೊಲಿದ ಸಂಚಿಯೇ ಈಗ ನನ್ನ ಸೈಕಲ್ಲಿನ ಸೀಟಿನ ಕೆಳಗಿದೆ.

ಅದರ ಒಳಗಿನ ಸಂಗತಿಯನ್ನು ಹೇಳಿಬಿಡುತ್ತೇನೆ. ಟೈರು ಬಿಚ್ಚುವ ಎರಡು ಲಿವರು. ಚಕ್ರದ ನಟ್ಟಿಗೆ 15 ಮಿ.ಮೀ.ನ ಒಂದು ಸ್ಪಾನರು. 4, 5, 6 ಮಿ.ಮೀ.ನ ಮೂರು ಅಲೆನ್ ಕೀಲಿಗಳು. ಅಂಟಿಸುವ ರಬ್ಬರಿನ ತುಂಡು, ಉಜ್ಜುವ ಕಾಗದ, ಸುಲೂಷನ್ನಿನ ಕೊಳವೆ. ಈ ಕೊಳವೆಯನ್ನು ಒಮ್ಮೆ ತೆರೆದರೆ ಉಳಿದದ್ದು ಕೆಲವೇ ತಿಂಗಳಲ್ಲಿ ಒಣಗಿಹೋಗುವುದರಿಂದ ತೆರೆಯದ ಇನ್ನೊಂದು ಜೊತೆಗಿರಬೇಕು. ಹಳೆಯ ಟೈರಿನ ಬದಿಯಿಂದ ಕತ್ತರಿಸಿದ ಎರಡಂಗುಲದ ಒಂದು ತುಂಡು. ಚೂಪು ಕಲ್ಲಿಗೆ ಟೈರೇ ಸೀಳಿದರೆ ಒಳಗಡೆಯಿಂದ ಇದನ್ನು ಒತ್ತಿಟ್ಟು ಮನೆ ಸೇರಬಹುದು. ಸ್ಪಾನರನ್ನೂ ಕೀಲಿಗಳನ್ನೂ ಬಟ್ಟೆಯಲ್ಲಿ ಸುತ್ತಬೇಕು. ಇಲ್ಲವಾದರೆ ದಾರಿಯುದ್ದಕ್ಕೂ ಸೈಕಲ್ಲು ಗೆಜ್ಜೆ ಕಟ್ಟಿದ ಎತ್ತಿನಂತೆ ಸದ್ದುಮಾಡುತ್ತದೆ. ಸಂಚಿಯನ್ನು ಸೀಟಿನ ಕಂಬಿಗಳಿಗೆ ಎರಡು ಕಡೆ, ಸೀಟಿನ ಕೊಳವೆಗೆ ಒಂದು ಕಡೆ ಬಿಗಿಯಬೇಕು. ಮೂರನೆಯ ಕಟ್ಟಿಲ್ಲದಿದ್ದರೆ ಅದು ತೊಡೆಗೆ ಬಡಿಯುತ್ತದೆ.

ಮಿಗಿಲು ಟ್ಯೂಬು ಸಂಚಿಯಲ್ಲಿರಬಾರದು. ಗೆಳೆಯನೊಬ್ಬನ ಹೊಸ ಟ್ಯೂಬು ಸ್ಪಾನರಿನ ಪಕ್ಕದಲ್ಲಿ ಆರು ತಿಂಗಳು ಕುಲುಕಾಡಿ, ಬೇಕಾದ ದಿನ ಹೊರತೆಗೆದಾಗ ಮೂರು ಕಡೆ ಸವೆದು ತೂತಾಗಿತ್ತು. ನಾನು ಟ್ಯೂಬಿನ ಗಾಳಿಯನ್ನು ಪೂರ್ತಿ ತೆಗೆದು, ಪೌಡರು ಸವರಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಮೇಲಿನ ಕೊಳವೆಯೂ ಸೀಟಿನ ಕೊಳವೆಯೂ ಕೂಡುವ ಮೂಲೆಯಲ್ಲಿ ಕಟ್ಟಿದ್ದೇನೆ. ಕಟ್ಟುವುದಕ್ಕೆ ಹಗ್ಗ ಬೇಡ; ಸತ್ತ ಟ್ಯೂಬಿನಿಂದ ಕತ್ತರಿಸಿದ ಪಟ್ಟಿಯೇ ಸಾಕು, ಅದು ಜಾರುವುದಿಲ್ಲ. ಪಂಪು ನೀರಿನ ಬಾಟಲಿಯ ಪಕ್ಕದಲ್ಲಿ, ಬಾಯಿ ಕೆಳಗಾಗಿ. ಚೈನನ್ನು ಜೋಡಿಸುವ ಕೊಂಡಿ ಹ್ಯಾಂಡಲ್ಲಿನ ಟೊಳ್ಳಿನೊಳಗೆ, ಸುರುಳಿ ಸುತ್ತಿದ ಒಂದು ನೋಟಿನೊಡನೆ. ನೋಟು ಕಾಫಿಗೂ ಆದೀತು, ಬಸ್ಸಿಗೂ ಆದೀತು. ಹೀಗೆ ಭಾರವೆಲ್ಲ ಸೈಕಲ್ಲಿನ ಮೈತುಂಬ ಹರಡಿಹೋಗಿ ಬೆನ್ನಿಗೆ ಉಳಿದದ್ದು ಗಾಳಿ ಮಾತ್ರ.

ಹಂಚಿಕೊಂಡ ಭಾರ ಭಾರವಲ್ಲವೆಂಬುದಕ್ಕೆ ನಮ್ಮ ಶಿವನಸಮುದ್ರದ ಹಳೆಯ ಸೇತುವೆ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ್ದು. ಅದರಲ್ಲಿ ದೊಡ್ಡ ಕಮಾನುಗಳಿಲ್ಲ; ಒತ್ತೊತ್ತಾಗಿ ನಿಂತ ಕಲ್ಲುಕಂಬಗಳು, ಪ್ರತಿಯೊಂದೂ ತನ್ನ ಪಾಲಿನಷ್ಟನ್ನೇ ಹೊತ್ತಿದೆ. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಆದರೆ ಅಷ್ಟು ಕಾಲ ಕಾವೇರಿಯ ರಭಸವನ್ನು ತಡೆದದ್ದು ಸಣ್ಣ ಸಂಗತಿಯೇನಲ್ಲ.

ನನ್ನ ಸಂಚಿಯಲ್ಲಿ ಇನ್ನೂ ಒಂದು ವಸ್ತುವಿದೆ. ಗೆಳೆಯರು ನಗುವುದು ಅದಕ್ಕೇ. ಅದು ಒಂದು ಗೇಣು ವಾಲ್‌ಟ್ಯೂಬು, ಎಂದರೆ ಹಳೆಯ ಮಾದರಿಯ ಸೈಕಲ್ಲಿನ ವಾಲಿಗೆ ತೊಡಿಸುವ, ಹುಲ್ಲುಕಡ್ಡಿಯಷ್ಟು ದಪ್ಪದ ರಬ್ಬರಿನ ನಾಳ. ನನ್ನ ಸೈಕಲ್ಲಿನದು ಮೋಟಾರಿನ ಬಗೆಯ ವಾಲು. ಈ ನಾಳ ಅದಕ್ಕೆ ಯಾವ ಉಪಯೋಗಕ್ಕೂ ಬಾರದು. ಅದು ಇರುವುದು ನಮ್ಮ ಮನೆಯ ಇನ್ನೊಂದು ಸೈಕಲ್ಲಿಗಾಗಿ. ರಾಜ್ಯ ಸರ್ಕಾರ 2006–07ರಲ್ಲಿ 8ನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತಷ್ಟೆ. 2018ರಲ್ಲಿ ನನ್ನ ಪಾಲಿಗೂ ಒಂದು ಬಂತು. ಹೈಸ್ಕೂಲನ್ನು ನಾನು ಅದರ ಮೇಲೆಯೇ ಮುಗಿಸಿದೆ. ಈಗ ಅಪ್ಪ ಕೂಲಿಗೆ ಹೋಗುವುದು ಅದರ ಮೇಲೆ. ಮುಂಜಾನೆ ದಾರಿಯಲ್ಲಿ ವಾಲ್‌ಟ್ಯೂಬು ಹರಿದರೆ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ಹೊತ್ತಿಗೆ ಮುಟ್ಟದವನಿಗೆ ಆ ದಿನ ಕೆಲಸವಿಲ್ಲ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನ್ನ ಪರೀಕ್ಷೆಯ ಶುಲ್ಕ ಯಾವ ರಬ್ಬರಿನ ನಾಳದಿಂದ ತೂಗುತ್ತಿದೆಯೆಂಬುದು ನನಗೆ ಚೆನ್ನಾಗಿ ಗೊತ್ತು.

ಕಳೆದ ವರ್ಷ ಒಂದು ಬೆಳಿಗ್ಗೆ ನಾವು ಮೂವರು ಕೊಳ್ಳೇಗಾಲದ ಕಡೆಗೆ ಹೋಗುತ್ತಿದ್ದಾಗ ದಾರಿಯ ಪಕ್ಕದಲ್ಲಿ ವಯಸ್ಸಾದ ರೈತರೊಬ್ಬರು ನಿಂತಿದ್ದರು. ಕರಿಯ ಸೈಕಲ್ಲು, ಅದರ ಕ್ಯಾರಿಯರ್ ಮೇಲೆ ರೇಷ್ಮೆಗೂಡಿನ ದೊಡ್ಡ ಮೂಟೆ, ಹಿಂದಿನ ಚಕ್ರ ನೆಲಕ್ಕಂಟಿತ್ತು. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಯಾರಿಗಾಗಿಯೂ ಕಾಯುವುದಿಲ್ಲ. ಗೂಡನ್ನೂ ಬಹಳ ದಿನ ಇಡುವಂತಿಲ್ಲ. ಒಳಗಿನ ಪತಂಗ ಕೊರೆದುಕೊಂಡು ಹೊರಬಂದರೆ ನೂಲು ಬಿಚ್ಚಲು ಬಾರದು. ಟ್ಯೂಬಿನಂತೆ ಗೂಡಿಗೂ ತೂತೇ ಶತ್ರು. ನನ್ನ ಇಬ್ಬರು ಗೆಳೆಯರ ಬೆನ್ನಿನ ಚೀಲಗಳಲ್ಲಿ ಬೆಲೆಯುಳ್ಳ ಸಲಕರಣೆಗಳೆಲ್ಲ ಇದ್ದವು. ಅವರಿಗೆ ಬೇಕಾದದ್ದು ಇರಲಿಲ್ಲ. ನಾನು ಸಂಚಿ ಬಿಚ್ಚಿ, ವಾಲನ್ನು ಕಳಚಿ, ಅಂಗುಲದಷ್ಟು ನಾಳವನ್ನು ಎಂಜಲಿನಲ್ಲಿ ಒದ್ದೆಮಾಡಿ ತೊಡಿಸಿದೆ. ಪಂಪಿಗೆ ಎರಡು ಬಾಯಿ. ಸಣ್ಣದು ಹಳೆಯ ವಾಲಿಗೂ ಹಿಡಿಯುತ್ತದೆ. ಐದು ನಿಮಿಷದಲ್ಲಿ ಚಕ್ರ ಗಟ್ಟಿಯಾಯಿತು. ಆತ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಗೇರು ಸೈಕಲ್ನೋರು ಇದ್ನೂ ಮಡಿಕಂಡಿದ್ದೀರಲ್ಲ!" ಎಂದು ನಕ್ಕು, ಸೀಟು ಹತ್ತಿ ಹೊರಟೇಹೋದರು. ನಿಂತು ಮಾತನಾಡಲು ಅವರಿಗೆ ಹೊತ್ತಿರಲಿಲ್ಲ.

ಕ್ರಿಸ್ತೋಫ್‌ನ ಪಂದ್ಯದಲ್ಲಿ ತಿದಿ ಒತ್ತಿಸಿಕೊಂಡದ್ದಕ್ಕೆ ದಂಡವಿತ್ತು. ನಮ್ಮ ದಾರಿಗಳಲ್ಲಿ ಆ ನಿಯಮವಿಲ್ಲವೆಂಬುದು ಸಮಾಧಾನದ ಸಂಗತಿ. ಏನನ್ನು ಜೊತೆಗೆ ಒಯ್ಯಬೇಕೆಂದು ಲೆಕ್ಕಹಾಕುವಾಗ ನಾವು ನಮ್ಮ ಚಕ್ರಗಳನ್ನು ಮಾತ್ರ ಎಣಿಸುತ್ತೇವೆ. ಅದೇ ದಾರಿಯಲ್ಲಿ ಓಡಾಡುವ ಇತರರ ಚಕ್ರಗಳನ್ನೂ ಎಣಿಸಿದರೆ ಸಂಚಿಯ ತೂಕ ಹೆಚ್ಚುವುದು ಒಂದು ಗೇಣು ರಬ್ಬರಿನಷ್ಟು ಮಾತ್ರ.

ನಾವು ಅಂತಿಮ ವರ್ಷದವರು ಇನ್ನು ಕೆಲವು ತಿಂಗಳಲ್ಲಿ ಚದುರಿಹೋಗುತ್ತೇವೆ. ಅಷ್ಟರೊಳಗೆ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಯಾರ ಚಕ್ರಕ್ಕಾದರೂ ಗಾಳಿ ಹೋದರೆ, ಸೀಟಿನ ಕೆಳಗೆ ಖಾದಿಯ ಸಂಚಿ ಕಟ್ಟಿರುವ ಸೈಕಲ್ಲನ್ನು ಹುಡುಕಿ ನನ್ನನ್ನು ಕೇಳಬಹುದು. ವಾಲ್‌ಟ್ಯೂಬನ್ನು ಹಿಂದಿರುಗಿಸಬೇಕಾಗಿಲ್ಲ, 15 ಮಿ.ಮೀ.ನ ಸ್ಪಾನರನ್ನು ಮಾತ್ರ ದಯವಿಟ್ಟು ಹಿಂದಿರುಗಿಸಬೇಕು.