ಪಾಠ ಹೇಳುವುದಕ್ಕೂ ಪಾಠ ಬೇಕು

ಕಾರು ಕಲಿಯುವವರ ಗಾಡಿಗೆ ಹಿಂದೆ ಮುಂದೆ ಕೆಂಪು ಬಣ್ಣದ 'ಎಲ್' ಅಕ್ಷರ ಅಂಟಿಸಿರುತ್ತಾರೆ. ಹೊಲಿಗೆ ಕಲಿಯಲು ಬಂದ ಹುಡುಗಿಯ ಕೈಗೆ ಮೊದಲು ಕೊಡುವುದು ಹಳೆಯ ಪೇಪರು. ಅದನ್ನು ಕತ್ತರಿಸಿ ಕತ್ತರಿಸಿ ಕೈ ಕುದುರಿದ ಮೇಲೆಯೇ ಬಟ್ಟೆ. ಒಂದನೇ ತರಗತಿಯ ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ಟೀಚರಮ್ಮನೂ ಡಿ.ಎಡ್. ಮಾಡಿರಬೇಕು. ಹೈಸ್ಕೂಲಿಗಾದರೆ ಬಿ.ಎಡ್. ಅಲ್ಲಿ ಪಾಠಯೋಜನೆ ಬರೆದು, ಗುರುತಿಲ್ಲದ ಯಾವುದೋ ಶಾಲೆಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕುಳಿತ ಮೇಷ್ಟರೆದುರು ಪಾಠ ಮಾಡಿ ತೋರಿಸಬೇಕು.

ಕಾಲೇಜಿನ ಲೆಕ್ಚರರಿಗೆ ಮಾತ್ರ ಇದ್ಯಾವುದೂ ಇಲ್ಲ. ಎಂ.ಎ.ಯಲ್ಲಿ ಒಳ್ಳೆಯ ಮಾರ್ಕ್ಸು ಬರಬೇಕು, ಎನ್‌ಇಟಿಯೋ ಕೆ-ಸೆಟ್ಟೋ ಪಾಸಾಗಬೇಕು, ಇಲ್ಲವೇ ಪಿಎಚ್.ಡಿ. ಇರಬೇಕು. 1989ರಲ್ಲಿ ಶುರುವಾದ ಎನ್‌ಇಟಿ ಪರೀಕ್ಷೆಯಲ್ಲಿ ಬೋಧನೆಯ ಬಗ್ಗೆಯೂ ಪ್ರಶ್ನೆಗಳಿರುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಿದ ಮಾತ್ರಕ್ಕೆ ಎಪ್ಪತ್ತು ಜನರ ಕ್ಲಾಸು ಸುಮ್ಮನಾಗುತ್ತದೆಯೇ? ಮೊನ್ನೆಯವರೆಗೆ ಬೆಂಚಿನ ಮೇಲೆ ಕುಳಿತು ನೋಟ್ಸು ಬರೆದುಕೊಂಡ ಇಪ್ಪತ್ತಮೂರರ ಹುಡುಗಿ, ಇವತ್ತು ಹಾಜರಿ ಪುಸ್ತಕ ಹಿಡಿದು ಅದೇ ಬೆಂಚುಗಳ ಎದುರು ನಿಲ್ಲುತ್ತಾಳೆ. ಅವಳ ಬೆನ್ನಿಗೆ 'ಎಲ್' ಅಂಟಿಸುವವರು ಯಾರೂ ಇಲ್ಲ.

ವಿಷಯ ಗೊತ್ತಿದ್ದವರಿಗೆ ಹೇಳುವುದೂ ಗೊತ್ತಿರುತ್ತದೆ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಅದನ್ನು ನಿಜ ಮಾಡಿ ತೋರಿಸಿದ ದೊಡ್ಡವರೂ ಇದ್ದರು. 1921ರಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಹೋದರಂತೆ. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರಿಗೆ. ಅಂಥವರ ಪಾಠ ಕೇಳಿದವರು ಕೇಳಿಕೇಳಿಯೇ ಪಾಠ ಹೇಳುವುದನ್ನೂ ಕಲಿತರು ಅನ್ನೋಣ. ಆದರೆ ಊರಿಗೊಬ್ಬ ವೆಂಕಣ್ಣಯ್ಯ ಎಲ್ಲಿಂದ ಬರಬೇಕು? ಹಾಡುಗಾರರ ಮನೆಯಲ್ಲಿ ಹುಟ್ಟಿದ ಮಗುವಿಗೆ ಶ್ರುತಿ ತಾನಾಗಿ ಹಿಡಿಸಬಹುದು, ಉಳಿದವರು ಸರಳೆ ವರಸೆಯಿಂದಲೇ ಶುರು ಮಾಡಬೇಕು.

ಸರ್ಕಾರಕ್ಕೆ ಇದು ತಿಳಿಯದೇ ಇಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮರುವರ್ಷವೇ ಯುಜಿಸಿಯವರು ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಲು ಆರಂಭಿಸಿದರು. ಕೆಲಸಕ್ಕೆ ಸೇರಿದವರಿಗೆ ಅಲ್ಲಿ ಕೆಲವು ವಾರಗಳ ಓರಿಯೆಂಟೇಷನ್ ಕೋರ್ಸು. 2015ರಲ್ಲಿ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಲ್ಲಿ ಮಾಳವೀಯರ ಹೆಸರು ಬಂತು. ಹೆಸರು ಏನೇ ಇರಲಿ, ಅಲ್ಲಿಗೆ ಹೋಗುವುದು ಕೆಲಸ ಸಿಕ್ಕ ಮೇಲೆ. ಹೋಗಿ ಕಲಿತು ಬರುವಷ್ಟರಲ್ಲಿ ಒಂದೆರಡು ವರ್ಷದ ಮಕ್ಕಳು ಆ ಮೇಡಂ ಕೈಯಲ್ಲಿ ಪ್ರಯೋಗವಾಗಿ ಹೋಗಿರುತ್ತಾರೆ. ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಇನ್ನು ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ, ಮನೆಯ ಕೆಲಸವೆಲ್ಲ ಅವರದೇ. ಅವರಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಎಂದು ನಿಮ್ಮ ಊರಿನ ಕಾಲೇಜಿನ ಸ್ಟಾಫ್ ರೂಮಿಗೊಮ್ಮೆ ಇಣುಕಿ ನೋಡಿ.

ನಾನು ಮೂವತ್ತು ವರ್ಷ ಡಿಗ್ರಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿ ನಿವೃತ್ತಳಾದವಳು. ಇರುವುದು ಬೆನ್ಸನ್ ಟೌನಿನಲ್ಲಿ. ದಂಡಿನ ಕಡೆಯ ಹಳೆಯ ಬಡಾವಣೆ ಇದು. ಒಂದು ದಿಕ್ಕಿಗೆ ದಂಡು ರೈಲ್ವೆ ಸ್ಟೇಷನ್ನು, ಇನ್ನೊಂದು ದಿಕ್ಕಿಗೆ ನಂದಿದುರ್ಗ ರಸ್ತೆ. ಕಾಂಪೌಂಡಿನ ಆಚೆ ಉರ್ದು, ಈಚೆ ತಮಿಳು, ತರಕಾರಿ ಗಾಡಿಯವನ ಹತ್ತಿರ ಕನ್ನಡ, ಬೇಕರಿಯಲ್ಲಿ ಇಂಗ್ಲಿಷು. ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿದೆ. ಪಾದ್ರಿಗಳಾಗುವವರು ಓದುವ ಜಾಗ. ಇಂಥ ಕಾಲೇಜುಗಳಲ್ಲಿ ಧರ್ಮಗ್ರಂಥ ಓದಿದರೆ ಮುಗಿಯಲಿಲ್ಲ; ಜನರೆದುರು ನಿಂತು ಉಪದೇಶ ಮಾಡುವುದೂ ಒಂದು ಪಾಠ. ಅದನ್ನು ಅಭ್ಯಾಸ ಮಾಡಬೇಕು, ಕೇಳಿದವರು ಹೇಗಿತ್ತೆಂದು ಹೇಳಬೇಕು. ಆ ಗೇಟಿನ ಮುಂದೆ ವಾಕಿಂಗ್ ಹೋಗುವಾಗಲೆಲ್ಲ, ದೇವರ ಮಾತು ಹೇಳುವುದಕ್ಕೇ ಅಭ್ಯಾಸ ಬೇಕಾದರೆ ಬೇಡಿಕೆ ಪೂರೈಕೆಯ ಮಾತಿಗೆ ಬೇಡವೇ ಅನ್ನಿಸುತ್ತಿತ್ತು.

ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ಹೆಣ್ಣುಮಕ್ಕಳ ಪೀಜಿ ಇದೆ. ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಎಂ.ಎ., ಎಂ.ಕಾಂ. ಓದುವವರು, ಪಿಎಚ್.ಡಿ.ಗೆ ಸೇರಿದವರು ಅಲ್ಲಿರುತ್ತಾರೆ. ಹಿರಿಯೂರಿನ ಕಡೆಯ ಒಬ್ಬಳು ಒಂದು ಸಂಜೆ ಬಂದು, "ಮೇಡಂ, ಸೋಮವಾರದಿಂದ ಒಂದು ಕಾಲೇಜಿನಲ್ಲಿ ಕ್ಲಾಸ್ ತಗೋಬೇಕು. ಬೇಡ ಅಂದುಬಿಡ್ಲಾ ಅನ್ನಿಸ್ತಿದೆ" ಎಂದಳು. ಡಿಗ್ರಿಯವರೆಗೆ ಕನ್ನಡ ಮಾಧ್ಯಮ, ಈಗ ಬಿ.ಕಾಂ.ಗೆ ಇಂಗ್ಲಿಷಿನಲ್ಲಿ ಹೇಳಬೇಕು. ಓದಿನಲ್ಲಿ ತರಗತಿಗೇ ಮೊದಲಿಗಳು. ಮನೆಯಲ್ಲಿ ತಂದೆಯಿಲ್ಲ, ತಮ್ಮ ಇನ್ನೂ ಪಿಯುಸಿ. ಆ ಕೆಲಸ ಬೇಡವೆಂದರೆ ಮುಂದಿನ ದಾರಿ ಊರಿನ ಬಸ್ಸೇ. ಅಲ್ಲಿ ಮದುವೆಯ ಮಾತು ಆಗಲೇ ಎದ್ದಿತ್ತು.

"ನಾಳೆ ಬಂದು ನನಗೇ ಒಂದು ಪಾಠ ಮಾಡು" ಎಂದೆ. ಜೊತೆಗೆ ಅವಳ ರೂಮಿನ ಇಬ್ಬರೂ ಬಂದರು. ಹೀಗೆ ಶುರುವಾದದ್ದು ಎರಡು ವರ್ಷ ಶನಿವಾರದ ಸಂಜೆಗಳಲ್ಲಿ ನಡೆಯಿತು. ಒಬ್ಬಳು ಹತ್ತು ನಿಮಿಷ ಪಾಠ ಮಾಡುವುದು, ಉಳಿದವರು ವಿದ್ಯಾರ್ಥಿಗಳಾಗಿ ಕೂರುವುದು. ಆಮೇಲೆ ಕಾಫಿ, ಅದರ ಜೊತೆ ಮಾತು. ಇದೇನು ನಾನು ಕಂಡುಹಿಡಿದದ್ದಲ್ಲ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ ಮೈಕ್ರೋ ಟೀಚಿಂಗ್ ಇದೇ, ನಮ್ಮ ಬಿ.ಎಡ್. ಹುಡುಗಿಯರಿಗೆಲ್ಲ ಗೊತ್ತು.

ಹತ್ತು ನಿಮಿಷದಲ್ಲಿ ಎಷ್ಟೊಂದು ಕಾಣುತ್ತದೆ! ಒಬ್ಬಳು ನಮಗಿಂತ ಹೆಚ್ಚಾಗಿ ಗೋಡೆಗೇ ಪಾಠ ಹೇಳುತ್ತಿದ್ದಳು. ಇನ್ನೊಬ್ಬಳು ಎರಡು ವಾಕ್ಯಕ್ಕೊಮ್ಮೆ "ಅರ್ಥವಾಯ್ತಾ?" ಎಂದು ಕೇಳುವಳು. ಆ ಪ್ರಶ್ನೆಗೆ ಲೋಕದಲ್ಲಿ ಒಂದೇ ಉತ್ತರ, "ಆಯ್ತು ಮೇಡಂ". ಅದರ ಬದಲು "ಇದಕ್ಕೆ ನಿಮ್ಮ ಮನೆಯಿಂದ ಒಂದು ಉದಾಹರಣೆ ಹೇಳಿ" ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಕಾಯಬೇಕು ಎಂದೆ. ಕಾಯುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೂರು ಎಣಿಸುವಷ್ಟರಲ್ಲಿ ಭಯವಾಗಿ ತಾವೇ ಉತ್ತರ ಹೇಳಿಬಿಡುತ್ತಿದ್ದರು.

ಹಿರಿಯೂರಿನವಳಿಗೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಹೇಳಬೇಕಿತ್ತು. ಪುಸ್ತಕದ ಇಂಗ್ಲಿಷನ್ನು ಉಸಿರು ಬಿಡದೆ ಒಪ್ಪಿಸಿದಳು. "ಈಗ ಪುಸ್ತಕ ಮುಚ್ಚಿ ಕನ್ನಡದಲ್ಲಿ ಹೇಳು" ಎಂದೆ. ಮುಖ ಅರಳಿತು. "ಹಸಿದಾಗ ಮೊದಲನೇ ಹೋಳಿಗೆ ಅಮೃತ, ಎರಡನೆಯದು ಚೆನ್ನಾಗಿದೆ, ನಾಲ್ಕನೆಯದನ್ನು ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ" ಎಂದಳು. ವಿಷಯ ಅವಳ ಹೊಟ್ಟೆಯೊಳಗೇ ಇತ್ತು, ಭಾಷೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು ಅಷ್ಟೆ. ಅದನ್ನೇ ಐದು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಸಿದೆವು. ಆ ಐದು ವಾಕ್ಯ ಗಟ್ಟಿಯಾಗಿದ್ದರೆ ನಡುವೆ ಒಂದು ಪದ ತಪ್ಪಿದರೂ ಮುಳುಗುವುದಿಲ್ಲ. ಮಾತು ತೀರ ತಡೆದರೆ ಕನ್ನಡದಲ್ಲಿ ಹೇಳಿ ಮತ್ತೆ ಇಂಗ್ಲಿಷಿಗೆ ಬರಬಹುದು. ಬೆಂಚಿನಲ್ಲಿ ಅವಳಂತೆಯೇ ಕುಳಿತ ನಾಲ್ಕಾರು ಮಕ್ಕಳು ಅದಕ್ಕೇ ಕಾಯುತ್ತಿರುತ್ತಾರೆ.

ಕನ್ನಡ ಎಂ.ಎ. ಮಾಡಿದವಳ ಸಂಕಟ ಇನ್ನೊಂದು ಬಗೆಯದು. ಶಿವಾಜಿನಗರದ ಕಡೆಯ ಕಾಲೇಜಿನಲ್ಲಿ ಹಳಗನ್ನಡ ಹೇಳಬೇಕು. ಎದುರಿಗಿರುವವರಲ್ಲಿ ಅರ್ಧ ಜನರ ಮನೆಮಾತು ತಮಿಳು ಇಲ್ಲವೇ ಉರ್ದು. "ಹೊಸಗನ್ನಡವೇ ಕಷ್ಟ ಅವರಿಗೆ, ಪಂಪನನ್ನು ಹೇಗೆ ಹೇಳಲಿ?" ಎಂದು ಕೈಚೆಲ್ಲಿದ್ದಳು. ಪದಪದಕ್ಕೂ ಅರ್ಥ ಬಿಡಿಸುವ ಮೊದಲು ಕರ್ಣನ ಕಥೆ ಹೇಳು, ಕಥೆ ಯಾವ ಮನೆಮಾತಿನವರಿಗೂ ಬೇಕು ಎಂದೆ. ಇನ್ನೊಂದು ಉಪಾಯ ಅವಳಿಗೇ ಹೊಳೆಯಿತು. ಹಳಗನ್ನಡದಲ್ಲಿ ಹಾಲು 'ಪಾಲ್', ಹುಲಿ 'ಪುಲಿ', ಹೂವು 'ಪೂ'. ತಮಿಳಿನಲ್ಲಿ ಇವತ್ತಿಗೂ ಹಾಗೆಯೇ ಅಲ್ಲವೇ? ಮುಂದಿನ ವಾರ ಓಡಿಬಂದು ಹೇಳಿದಳು. ಬೋರ್ಡಿನ ಮೇಲೆ ಆ ಮೂರು ಪದ ಬರೆದು ಅರ್ಥ ಕೇಳಿದಳಂತೆ. ಕನ್ನಡದ ಮನೆಯ ಮಕ್ಕಳು ಮುಖಮುಖ ನೋಡುತ್ತಿದ್ದಾಗ ಹಿಂದಿನ ಬೆಂಚಿನ ತಮಿಳು ಹುಡುಗನೊಬ್ಬ ಮೂರಕ್ಕೂ ಸರಿಯಾಗಿ ಹೇಳಿಬಿಟ್ಟನಂತೆ. ಇಡೀ ಕ್ಲಾಸು ತಿರುಗಿ ಅವನನ್ನು ನೋಡಿತಂತೆ. ಅಲ್ಲಿಂದಾಚೆ ಅವನು ಎರಡು ಬೆಂಚು ಮುಂದೆ ಬಂದು ಕೂರತೊಡಗಿದನಂತೆ.

ಒಂದು ಶನಿವಾರ ಪಾಠ ಬಿಟ್ಟು ಮಾರ್ಕ್ಸಿನ ವಿಚಾರ ತೆಗೆದೆ. ಒಂದೇ ಉತ್ತರದ ಮೂರು ಪ್ರತಿ ಮಾಡಿ, ಹತ್ತಕ್ಕೆ ಎಷ್ಟು ಕೊಡುತ್ತೀರಿ, ಒಬ್ಬರಿಗೊಬ್ಬರು ತೋರಿಸಬೇಡಿ ಎಂದೆ. ಒಬ್ಬಳು ನಾಲ್ಕು ಕೊಟ್ಟಳು, ಇನ್ನೊಬ್ಬಳು ಆರು, ಮೂರನೆಯವಳು ಎಂಟು. ಅಕ್ಷರ ದುಂಡಾಗಿದೆಯೆಂದು ಎಂಟು, ಇಂಗ್ಲಿಷು ತಪ್ಪಿದೆಯೆಂದು ನಾಲ್ಕು! ಮೂವರೂ ಗಾಬರಿಯಾದರು. ನಾಲ್ಕು ಸಿಕ್ಕ ಮಗುವಿನ ಮನೆಯಲ್ಲಿ ಆ ಸಂಜೆ ಏನಾಗಬಹುದು ಎಂದು ಯೋಚಿಸಿದರು. ಯಾವ ಅಂಶಕ್ಕೆ ಎಷ್ಟು ಎಂದು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ತಿದ್ದುವ ಅಭ್ಯಾಸ ಆವತ್ತೇ ಹಿಡಿಯಿತು.

ಹೆಣ್ಣುಮಕ್ಕಳಿಗೆ ಇನ್ನೂ ಕೆಲವು ಕಷ್ಟಗಳಿವೆ. ಹಿಂದಿನ ಸಾಲಿನ ಹುಡುಗರು ಇವಳಿಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವರು, ಎತ್ತರದಲ್ಲಿ ದೊಡ್ಡವರು. ಹಿರಿಯರೆಲ್ಲ "ಸ್ಟ್ರಿಕ್ಟಾಗಿರಿ" ಎಂದು ಹೇಳಿ ಹೊರಟುಹೋಗುತ್ತಾರೆ. ಸ್ಟ್ರಿಕ್ಟೆಂದರೆ ಕಿರುಚುವುದೆಂದುಕೊಂಡು ವಾರದಲ್ಲೇ ಗಂಟಲು ಕೂರಿಸಿಕೊಂಡವಳು ಇದ್ದಳು. ಗಲಾಟೆಯಾದಾಗ ದನಿ ತಗ್ಗಿಸು, ಮಾತು ನಿಲ್ಲಿಸಿ ನೋಡು, ಮೊದಲ ವಾರದಲ್ಲೇ ಇಪ್ಪತ್ತು ಜನರ ಹೆಸರು ಬಾಯಿಪಾಠ ಮಾಡು ಎಂದೆ. ಹೆಸರು ಹಿಡಿದು ಕರೆದರೆ ಎಂಥ ತುಂಟನೂ ಒಂದು ಗಳಿಗೆ ತಡವರಿಸುತ್ತಾನೆ. "ಗೊತ್ತಿಲ್ಲದ ಪ್ರಶ್ನೆ ಕೇಳಿದರೆ?" ಎನ್ನುವುದು ಎಲ್ಲರ ಭಯ. "ನಾಳೆ ನೋಡಿಕೊಂಡು ಬಂದು ಹೇಳ್ತೀನಿ" ಎಂದರೆ ಮರ್ಯಾದೆ ಹೋಗುವುದಿಲ್ಲ. ಮಾರನೆಯ ದಿನ ಮರೆತರೆ ಹೋಗುತ್ತದೆ.

ನಮ್ಮ ಎಷ್ಟೋ ಕನ್ನಡದ ಮಕ್ಕಳು ಅಮೆರಿಕದಲ್ಲಿ ಮೇಲಿನ ಓದಿಗೆ ಹೋಗಿ, ಟೀಚಿಂಗ್ ಅಸಿಸ್ಟೆಂಟ್ ಆಗಿ ಫೀಸು ಊಟದ ಖರ್ಚು ದುಡಿದುಕೊಳ್ಳುತ್ತಾರಲ್ಲ, ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ಅವರನ್ನು ಕ್ಲಾಸಿಗೆ ಕಳಿಸುವ ಮೊದಲೇ ಕೂರಿಸಿಕೊಂಡು ತರಬೇತಿ ಕೊಡುತ್ತವೆ. ನಮ್ಮಲ್ಲೂ 2022ರ ಯುಜಿಸಿ ನಿಯಮದ ಪ್ರಕಾರ ಪಿಎಚ್.ಡಿ. ಮಾಡುವವರೆಲ್ಲ ಬೋಧನೆಯ ತರಬೇತಿಯನ್ನೂ ಪಡೆಯಬೇಕು. ವಾರಕ್ಕೆ ನಾಲ್ಕರಿಂದ ಆರು ಗಂಟೆ ಟ್ಯುಟೋರಿಯಲ್, ಲ್ಯಾಬು, ಮೌಲ್ಯಮಾಪನದಂಥ ಕೆಲಸವನ್ನು ಅವರಿಗೆ ವಹಿಸಬಹುದು. ಒಳ್ಳೆಯದೇ. ಆದರೆ ಕೆಲಸ ವಹಿಸುವುದು ಬೇರೆ, ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ ಆಮೇಲೆ ಕರೆದು ಪ್ರೀತಿಯಿಂದ ನಾಲ್ಕು ಮಾತು ಹೇಳುವುದು ಬೇರೆ. ಆ ಕೂರುವವರು ಇಲ್ಲದಿದ್ದರೆ ನಿಯಮ ಫೈಲಿನಲ್ಲೇ ಇರುತ್ತದೆ. ಪ್ರತಿ ಊರಿನಲ್ಲೂ ನನ್ನಂತೆ ನಿವೃತ್ತರಾದ ಲೆಕ್ಚರರಮ್ಮಂದಿರು ಇದ್ದಾರೆ. ನಮಗೆ ಸಂಜೆಗಳೂ ಇವೆ, ಕಾಫಿ ಪುಡಿಯೂ ಇದೆ.

ಲೆಕ್ಚರರೇ ಆಗಿರಬೇಕೆಂದೂ ಇಲ್ಲ. ಬೆಂಗಳೂರಿಗೆ ದೂರವಿರುವವರು ಮನೆಯಲ್ಲಿ ಯಾರಿಗಾದರೂ ಪಾಠ ಹೇಳಿ ನೋಡಿ ಎಂದು ನಾನು ಹುಡುಗಿಯರಿಗೆ ಹೇಳುವುದುಂಟು. ಹಿರಿಯೂರಿನವಳು ದಸರಾ ರಜಕ್ಕೆ ಊರಿಗೆ ಹೋದಾಗ ತಾಯಿಗೆ ಅದೇ ಹೋಳಿಗೆಯ ನಿಯಮ ಹೇಳಿದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ತಾಯಿ ಅವರೆಕಾಯಿ ಸುಲಿಯುತ್ತ ಎಲ್ಲ ಕೇಳಿದರಂತೆ. ಕೇಳಿ, "ಅದು ಸರಿ ಕಣೆ, ತಿಂದಷ್ಟೂ ಸಾಕು ಅನ್ಸುತ್ತೆ. ದುಡ್ಡು ಬಂದಷ್ಟೂ ಇನ್ನೂ ಬೇಕು ಅನ್ಸುತ್ತಲ್ಲ, ಅದ್ಯಾಕೆ?" ಎಂದರಂತೆ. ಹುಡುಗಿಗೆ ಮಾತು ಹೊರಡಲಿಲ್ಲ. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ತಲೆ ಕೆಡಿಸಿಕೊಂಡ ಪ್ರಶ್ನೆ ಅದು. ರಜ ಮುಗಿಸಿ ಬಂದವಳು ಉತ್ತರ ಹುಡುಕಲು ನನ್ನಲ್ಲಿಂದ ಎರಡು ಪುಸ್ತಕ ಒಯ್ದಳು. ಸೋಮವಾರ ತಾಯಿಯ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದು, ಹತ್ತು ಎಣಿಸುವವರೆಗೆ ಕಾದಳಂತೆ. ಆರು ಕೈ ಎದ್ದವಂತೆ.