ನೋಡೋಕಾ, ತಿನ್ನೋಕಾ?

ಸಾಗರದ ರಾತ್ರಿ ಬಸ್ಸಿನಿಂದ ಗೊರಗುಂಟೆಪಾಳ್ಯದಲ್ಲಿ ಇಳಿದು, ರಿಂಗ್ ರಸ್ತೆಯ ಬಿಎಂಟಿಸಿ ಹಿಡಿದು ಹೆಬ್ಬಾಳ ಮುಟ್ಟುವಷ್ಟರಲ್ಲಿ ಫೆಬ್ರುವರಿಯ ಬಿಸಿಲು ಏರಿದೆ. ನೆತ್ತಿಯ ಮೇಲೆ ಫ್ಲೈಓವರ್, ಎದುರಿಗೆ ಮುಗಿಯದ ವಾಹನಗಳ ಸಾಲು. ಚಿಕ್ಕಮ್ಮನ ಮನೆಯ ಬೀದಿ ಇಲ್ಲಿಂದಲೇ ಕಾಣುತ್ತದೆ. ಆದರೆ ರಸ್ತೆ ದಾಟುವುದೆಂದರೆ ನಮ್ಮೂರಲ್ಲಿ ಆಷಾಢದ ಹೊಳೆ ದಾಟಿದಂತೆ. ಅಲ್ಲಾದರೆ ದೋಣಿಯವನಿರುತ್ತಾನೆ.

ದಾಟಿದ ಮೇಲೆ ಸಿಕ್ಕಿದ್ದು ಒಂದು ನರ್ಸರಿ. ಲ್ಯಾವೆಂಡರ್ ಇದೆಯೇ ಎಂದು ಕೇಳಿದರೆ, ಪೈಪು ಹಿಡಿದ ಹುಡುಗ ಮರುಪ್ರಶ್ನೆ ಹಾಕುತ್ತಾನೆ: "ಯಾವ್ದು ಸಾರ್, ನೋಡೋಕಾ, ತಿನ್ನೋಕಾ?" ಗರಗಸದ ಹಲ್ಲಿನ ಅಂಚಿರುವ ಎಲೆಯದ್ದು ನೋಡೋದಕ್ಕಂತೆ. ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನ ಹವೆ ಅದಕ್ಕೆ ಒಗ್ಗಿದೆ, ಹೂವನ್ನೂ ಧಾರಾಳ ಬಿಡುತ್ತದೆ. ಎಲೆ ಉಜ್ಜಿ ಮೂಸಿದೆ, ಕರ್ಪೂರದ ಘಾಟು! ತಿನ್ನುವ ಜಾತಿಯದ್ದು ನುಣುಪು ಅಂಚಿನ ಸಪೂರ ಎಲೆ. ಅದಕ್ಕೆ ಮೈನಡುಗಿಸುವ ಚಳಿಗಾಲ ಬೇಕು. "ಗಿಡ ಬದುಕುತ್ತೆ ಸಾರ್, ಹೂ ಬಿಡೋದು ಅದರ ಮರ್ಜಿ."

ಚಿಕ್ಕಮ್ಮನ ತಾರಸಿಯಲ್ಲಿ ಎರಡೂ ಇವೆ. ಚೊಂಬು ನೀರೆತ್ತಿದ ನನ್ನ ಕೈಯನ್ನು ಅವಳು ಅಲ್ಲೇ ತಡೆದಳು. "ನೀರು ಹಾಕಿ ಕೊಲ್ಲಬೇಡ ಮಾರಾಯ. ಮಣ್ಣು ಒಣಗಿದ ಮೇಲೆ ನಾನೇ ಹಾಕ್ತೇನೆ." ಮಣ್ಣಿನ ಕುಂಡ, ಕೆಮ್ಮಣ್ಣಿಗೆ ಸಮಪಾಲು ದಪ್ಪ ಮರಳು, ಗೊಬ್ಬರ ಹೆಸರಿಗಷ್ಟೆ, ಮೇಲೊಂದು ಚಿಟಿಕೆ ಸುಣ್ಣ. ದಿನಕ್ಕೆ ಆರು ತಾಸಾದರೂ ಬಿಸಿಲು. ವರ್ಷಕ್ಕೆ ಸರಾಸರಿ ಸಾವಿರ ಮಿಲಿಮೀಟರಿನ ಆಸುಪಾಸಿನ ಇಲ್ಲಿನ ಮಳೆಯೂ ಇದಕ್ಕೆ ಅತಿಯಂತೆ. ಸೆಪ್ಟೆಂಬರ್ ಬಂತೆಂದರೆ ಬೇರು ಕೊಳೆಯದಿರಲಿ ಎಂದು ಕುಂಡಗಳು ಸಜ್ಜಾದ ಕೆಳಗೆ ಸೇರುತ್ತವೆ. ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ನಮ್ಮ ಅಂಗಳದಲ್ಲಿ ಈ ಗಿಡದ ಗತಿ ಏನಾಗಬಹುದೆಂದು ನಗು ಬರುತ್ತದೆ.

ಅಡುಗೆಮನೆಯಲ್ಲಿ ಇನ್ನೊಂದು ಬೆರಗು. ಕುದಿದಿಳಿದ ಅರ್ಧ ಲೀಟರ್ ಹಾಲಿಗೆ ಅರ್ಧ ಟೀ ಚಮಚ ಲ್ಯಾವೆಂಡರಿನ ಒಣ ಮೊಗ್ಗು. ಮುಚ್ಚಿಟ್ಟು ಐದು ನಿಮಿಷಕ್ಕೆ ಸೋಸಿ ಶಾವಿಗೆ ಪಾಯಸಕ್ಕೆ ಸುರಿದಳು. ಏಲಕ್ಕಿಗೆ ಇಂದು ರಜೆ. ಮೊದಲ ಸಲ ಮುಷ್ಟಿ ತುಂಬ ಹಾಕಿದ್ದಳಂತೆ. "ಪಾಯಸ ಉಂಡಿದ್ದೂ ಆಯ್ತು, ಸೋಪು ಹಚ್ಚಿ ಸ್ನಾನ ಮಾಡಿದ್ದೂ ಆಯ್ತು," ಎಂದು ಚಿಕ್ಕಪ್ಪ ಇನ್ನೂ ಛೇಡಿಸುತ್ತಾರೆ. ಇಂದಿನದು ಹದವಾಗಿದೆ. ಎರಡನೇ ಗುಟುಕಿಗೆ ಯಾವುದೋ ಪರಿಚಿತ ಕಂಪು ಸುಳಿಯಿತು: ಕೊತ್ತಂಬರಿ ಬೀಜದ್ದು! ಸುಮ್ಮನೆ ಅಲ್ಲ, ಕೊತ್ತಂಬರಿ ಬೀಜದ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚಿರುವ ಲಿನಲೂಲ್ ಎಂಬ ಸುಗಂಧಾಂಶವೇ ಲ್ಯಾವೆಂಡರಿನಲ್ಲೂ ಮುಖ್ಯ.

ಮೊಗ್ಗು ಮಾತ್ರ ತಾರಸಿಯದ್ದಲ್ಲ, ಜಮ್ಮುವಿನ ದೋಡಾ ಜಿಲ್ಲೆಯ ಭದರ್‌ವಾಹದ್ದು. ಸಿಎಸ್‌ಐಆರ್‌ನ ಅರೋಮಾ ಮಿಷನ್ ನೆರವಿನಿಂದ ಅಲ್ಲಿ ಮೆಕ್ಕೆಜೋಳದ ಹೊಲಗಳು ನೇರಳೆಗೆ ತಿರುಗಿವೆ. 2022ರ ಮೇ ತಿಂಗಳಲ್ಲಿ ಲ್ಯಾವೆಂಡರ್ ಉತ್ಸವವೂ ನಡೆಯಿತು.

ಮಧ್ಯಾಹ್ನ ಯಲಹಂಕದ ಬಸ್ಸು. ಗಿಡಕ್ಕೆ ಮಣ್ಣು ಹೊಂದಿಸುವ ಕೆಲಸ ಹೆಬ್ಬಾಳಕ್ಕೆ ಹೊಸದಲ್ಲ. ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಕೊಟ್ಟ 30 ಎಕರೆಯಲ್ಲೇ ರಸಾಯನಶಾಸ್ತ್ರಜ್ಞ ಲೇಮನ್ ಕೃಷಿ ಪ್ರಯೋಗ ಶುರುಮಾಡಿದ್ದು. ಕೃಷಿ ವಿಶ್ವವಿದ್ಯಾಲಯವಿರುವ ಜಿಕೆವಿಕೆಯ ಹಸಿರು ಮುಗಿದು ಅಲ್ಲಾಳಸಂದ್ರ ಬರುತ್ತದೆ. ಸುಗಂಧ ಸಸ್ಯಗಳನ್ನೇ ಅಭ್ಯಾಸ ಮಾಡುವ ಸಿಮ್ಯಾಪ್ ಸಂಶೋಧನಾ ಕೇಂದ್ರ ಇಲ್ಲಿದೆ. ಜೆರೇನಿಯಂ, ಪಚೌಲಿ, ಲಾವಂಚದ ಜೊತೆಗೆ ನಮ್ಮ ದವನವೂ ಇವರ ಪಟ್ಟಿಯಲ್ಲಿದೆ.

ಯಲಹಂಕದಲ್ಲಿ ಹೂವಿನವಳ ಬುಟ್ಟಿಯಲ್ಲೂ ಅದೇ ದವನ, ಸೇವಂತಿಗೆಯ ನಡುವೆ ಬೂದು ಹಸಿರಾಗಿ ಕೂತಿದೆ. ನಾವು ದೇವರಿಗೇರಿಸಿ, ಮುಡಿದು ಮುಗಿಸುವ ಈ ಸೊಪ್ಪಿನ ತೈಲ ವಿದೇಶಗಳಲ್ಲಿ ಕೇಕಿಗೂ ಪಾನೀಯಕ್ಕೂ ಪರಿಮಳವಾಗುತ್ತದೆ. ಅವರ ಅತ್ತರಿನ ಹೂವು ನಮ್ಮ ಪಾಯಸಕ್ಕೆ, ನಮ್ಮ ಮುಡಿಯ ಸೊಪ್ಪು ಅವರ ಕೇಕಿಗೆ! ಅಲ್ಲಿಂದಲೇ ಫೋನು ಮಾಡಿದೆ: "ಚಿಕ್ಕಮ್ಮಾ, ದವನದ ಪಾಯಸ ಮಾಡಿದರೆ ಹೇಗೆ?"

ಕ್ಷಣ ಯೋಚಿಸಿ ಅಂದಳು: "ತಗೊಂಡು ಬಾ. ಮೊದಲ ಬಟ್ಟಲು ನಿನ್ನ ಚಿಕ್ಕಪ್ಪನಿಗೇ ಕೊಡೋಣ."